ಐದರ ಮೇಲೆ

ಐದಕ್ಕೆ ಸರಿಯಾಗಿ, ಜಬೀನಾಗೆ ಎರಡು ನಿಮಿಷ ಕಣ್ಣಿಡಲು ಹೇಳಿ,
ಅರಸೀಕೆರೆ ಆಸ್ಪತ್ರೆಯ ಮೆಟ್ಟಿಲ ಬಳಿ
ಗೋಡೆಯ ಯಂತ್ರಕ್ಕೆ ಹೆಬ್ಬೆಟ್ಟು ಒತ್ತುತ್ತೇನೆ.
ಬ್ಲೀಚಿಂಗ್ ನೀರಿಗೆ ಸವೆದ ಗೆರೆಗಳು; ಮೊದಲ ಸಲಕ್ಕೆ ಅದು ಒಪ್ಪುವುದಿಲ್ಲ.
ಕೋಟಿಗೆ ಒರೆಸಿ, ಬಾಯಿಂದ ಹಬೆಯೂದಿ, ಮತ್ತೆ ಒತ್ತಿದರೆ
ಒಳಗಿನ ಹೆಣ್ಣುದನಿ ಇಂಗ್ಲಿಷಿನಲ್ಲಿ ವಂದನೆ ಹೇಳುತ್ತದೆ.
ಅಲ್ಲಿಗೆ ನಾನು ಮನೆಗೆ ಹೋದೆನೆಂದು ಲೆಕ್ಕ.

ಹೋಗುವುದಿಲ್ಲ.
ಚಪ್ಪಲಿ ಬಿಟ್ಟು, ಪರದೆ ಸರಿಸಿ, ಮತ್ತೆ ಒಳಗೆ.
ಮೂರನೇ ಹಾಸಿಗೆಯ ದಾಕ್ಷಾಯಣಮ್ಮನ ರಕ್ತ
ಇನ್ನೂ ಕೊಳವೆಯಲ್ಲಿದೆ.

ಕರಾರುಪತ್ರದಲ್ಲಿರುವುದು ಎಂಟು ಗಂಟೆ.
ರಕ್ತ ಅದನ್ನು ಓದಿಲ್ಲ.
ನಾಲ್ಕು ಗಂಟೆ ಅಂದರೆ ನಾಲ್ಕು ಗಂಟೆ ತಿರುಗಬೇಕು ಅದು,
ಆಮೇಲೆ ಸಲೈನು ತಳ್ಳಿ, ಉಳಿದದ್ದನ್ನು ತೊಟ್ಟು ಬಿಡದೆ
ಅವರ ಮೈಗೇ ವಾಪಸು ಕೊಡಬೇಕು,
ಸೂಜಿ ಎರಡನ್ನೂ ಕಿತ್ತು, ಹತ್ತಿ ಇಟ್ಟು, ಹತ್ತು ನಿಮಿಷ
ಒತ್ತಿ ಹಿಡಿಯಬೇಕು,
ಅದೇ ಹೆಬ್ಬೆಟ್ಟಿನಲ್ಲಿ.

ತೋಳಿನ ನರ ಆಗ ಜುಂಯ್ ಅನ್ನುತ್ತಿರುತ್ತದೆ,
ಬೆಂಕಿಪೊಟ್ಟಣದಲ್ಲಿ ಹಿಡಿದಿಟ್ಟ ದುಂಬಿ.
ಅದಕ್ಕೆ ಮಾತ್ರ ನನ್ನ ಬೆರಳು ಮೊದಲ ಸಲಕ್ಕೇ ಗೊತ್ತಾಗುತ್ತದೆ.

ಒಂದು ಮಧ್ಯಾಹ್ನ ಕರೆಂಟು ಹೋಗಿ ಜನರೇಟರು ಹತ್ತುವವರೆಗೆ
ಖಾಲಿ ರಟ್ಟಿನ ಡಬ್ಬಿಯ ಮೇಲೆ ಲೆಕ್ಕ ಹಾಕಿದೆ:
ದಿನಕ್ಕೆ ನಲವತ್ತು ನಿಮಿಷ, ತಿಂಗಳಿಗೆ ಇಪ್ಪತ್ತಾರು ದಿನ,
ಹನ್ನೊಂದು ತಿಂಗಳು (ಹನ್ನೆರಡನೆಯದಕ್ಕೆ ಮುಂಚೆ ಒಂದು ದಿನ ಕೆಲಸ ಬಿಡಿಸಿ
ಮತ್ತೆ ಸೇರಿಸಿಕೊಳ್ಳುತ್ತಾರೆ).
ಸುಮಾರು ಇಪ್ಪತ್ನಾಲ್ಕು ದಿನ ಬಂತು.
ವರ್ಷದಲ್ಲಿ ಇಪ್ಪತ್ನಾಲ್ಕು ದಿನ
ನಾನು ಎಲ್ಲೂ ಇರುವುದಿಲ್ಲ.

ಹಾಸನದ ಆಫೀಸಿನಿಂದ ನಂಜೇಶ ಫೋನು ಮಾಡುತ್ತಾನೆ.
'ಓಟಿ ಅನ್ನೋ ಕಾಲಮ್ಮೇ ಇಲ್ಲ ಮೇಡಂ ಸಿಸ್ಟಮ್ಮಲ್ಲಿ.
ಮೂರೂಕಾಲಕ್ಕೆ ಇಳಿಸಿ, ರಿಜಿಸ್ಟರಲ್ಲಿ ನಾಲ್ಕು ಅಂತ ಬರ್ಕೊಳಿ.
ಯಾರಿಗ್ ಗೊತ್ತಾಯ್ತದೆ?'
ಆಗ ರಾತ್ರಿ ಎಂಟೂವರೆ.
ಅವನ ಹಿಂದೆ ಕುಕ್ಕರು ಕೂಗುತ್ತಿತ್ತು, ಮಗು ಅಳುತ್ತಿತ್ತು.
ಅವನ ಡ್ಯೂಟಿಯೂ ಐದಕ್ಕೇ ಮುಗಿದಿರಬೇಕು.

ಒಂದು ದಿನ ಇಳಿಸಿದೆ.
ಮಗನಿಗೆ ಜ್ವರ, ಬಾಣಾವರಕ್ಕೆ ಐದೂಕಾಲರ ಬಸ್ಸು.
ಮುಕ್ಕಾಲು ಗಂಟೆ ಮುಂಚೆ ಸೂಜಿ ತೆಗೆದೆ.
ದಾಕ್ಷಾಯಣಮ್ಮ ಗಡಿಯಾರ ನೋಡಿದರು, ನನ್ನ ನೋಡಿದರು,
'ನಿಧಾನ ಕಣವ್ವ, ಬಸ್ ಹತ್ತೋವಾಗ' ಅಂದರು.
ರಿಜಿಸ್ಟರಲ್ಲಿ ನಾಲ್ಕು ಎಂದು ಬರೆದೆ.
ಕೈ ನಡುಗಲಿಲ್ಲ.
ಮೂರನೇ ದಿನ ಬಂದಾಗ ಪಾದಕ್ಕೆ ಚಪ್ಪಲಿ ಹಿಡಿಸಿರಲಿಲ್ಲ,
ಕೈಯಲ್ಲಿ ಹಿಡಿದು ತಂದಿದ್ದರು.
ಏನೂ ಕೇಳಲಿಲ್ಲ. ಚಪ್ಪಲಿಯನ್ನು ಮಂಚದ ಕೆಳಗೆ
ಜೋಡಿಸಿಟ್ಟು ತೋಳು ಚಾಚಿದರು.

ನಲವತ್ತು ನಿಮಿಷ ಯಾರ ಮೈಯಿಂದಲಾದರೂ
ಹೋಗಲೇಬೇಕು ಅನ್ನುವುದು ಅವತ್ತು ತಿಳಿಯಿತು.
ತಿಳಿದು ಸಿಟ್ಟೇ ಬಂತು, ಅವರ ಮೇಲೂ ಕೂಡ.

ಹಾರನಹಳ್ಳಿ ಕಡೆ ಎಂಬತ್ತು ತೆಂಗಿನ ಮರ ಇವೆ ಅವರಿಗೆ.
ಒಂದು ಎಳನೀರು ಕುಡಿಯುವ ಹಾಗಿಲ್ಲ.
ದಿನಕ್ಕೆ ಮುಕ್ಕಾಲು ಲೀಟರು, ಕಾಫಿ, ಸಾರು, ಮಾತ್ರೆ ನುಂಗುವ ಗುಟುಕು ಎಲ್ಲ ಸೇರಿ.
ಅಳೆದು ಬದುಕುವುದರಲ್ಲಿ ನನಗಿಂತ ಹಿರಿಯರು.
ಇವತ್ತು ಚೀಲದಿಂದ ಒಂದು ಎಳನೀರು ತೆಗೆದು,
ಜಬೀನಾಳಿಂದ ಕತ್ತರಿಯಲ್ಲಿ ಕಣ್ಣು ಚುಚ್ಚಿಸಿ,
'ನೀ ಕುಡಿ, ನಾ ನೋಡ್ತೀನಿ' ಅಂದರು.
ಕುಡಿದೆ. ಅವರ ಗಂಟಲು ಆಡುತ್ತಿತ್ತು.

ಯಂತ್ರ ತೊಳೆಯಲು ಹಾಕಿ ಹೊರಬಂದಾಗ ಐದೂ ನಲವತ್ತು.
ಗೋಡೆಯದು ಹಸಿರು ಕಣ್ಣು ಮಿಟುಕಿಸುತ್ತಿತ್ತು.
ಅದರ ಪ್ರಕಾರ ನಾನೀಗ ಬಾಣಾವರದ ಮನೆಯಲ್ಲಿ
ಅಕ್ಕಿ ತೊಳೆಯುತ್ತಿದ್ದೇನೆ.
ಬೆರಳು ಒದ್ದೆಯಿತ್ತು, ಎಳನೀರೋ, ಸಲೈನೋ,
ಒರೆಸಲಿಲ್ಲ.
ಮುಂದಿನ ಬಸ್ಸು ಆರೂ ಇಪ್ಪತ್ತಕ್ಕೆ.