ನಾಲ್ಕನೇ ಗಾಜು

ಆನಾಳ ಅಡುಗೆಮನೆಯ ಕಿಟಕಿಗೆ ಆರು ಗಾಜು.
ಅಜ್ಜ ಇದ್ದಾಗ ಹಿಮನದಿಯ ಮೂತಿ
ನಾಲ್ಕನೇ ಗಾಜಿನವರೆಗೆ ಚಾಚಿತ್ತಂತೆ.
ನಾನು ಹುಟ್ಟಿದ ವರ್ಷ, ಮೂರರ ಅಂಚು.
ಈಗ ಎರಡರಲ್ಲಿ, ಮೇಲಿನ ಮೂಲೆಯಲ್ಲಿ,
ಕಾಫಿಗೆ ಕಚ್ಚಿ ಉಳಿಸಿದ
ಸಕ್ಕರೆ ತುಂಡಿನ ಹಾಗೆ.

ಹಡಗು ಬಂದ ದಿನ ಅದೂ ಇಲ್ಲ.
ಇಗರ್ಜಿಗಿಂತ ಎತ್ತರದ ಬಿಳಿ ಗೋಡೆಯೊಂದು
ಕೊಲ್ಲಿಗೆ ಅಡ್ಡ ನಿಂತು
ಆರೂ ಗಾಜು ತುಂಬುತ್ತದೆ.
ನಾಯಿಗಳು ಬೊಗಳಿ ಬೊಗಳಿ ಸೋತು ಮಲಗುತ್ತವೆ.
ಆನಾ ಕೇಕು ಕತ್ತರಿಸುತ್ತಾಳೆ.
ತಲೆಗೆ ನೂರು ಕ್ರೋನ; ಕಾಫಿ ಎಷ್ಟಾದರೂ.

ಕೆಂಪು ಜಾಕೀಟಿನವರು ಹೊಸ್ತಿಲಲ್ಲಿ ಬೂಟು ಬಿಚ್ಚಿ
ಬರೀ ಕಾಲ್ಚೀಲದಲ್ಲಿ ಒಳಗೆ ಬಂದೊಡನೆ
ಯಾಕೋ ಸಣ್ಣವರಾಗುತ್ತಾರೆ.
ಚಳಿಗಾಲ ಹೇಗೆ ಕಳೆಯುತ್ತೀರಿ?
ಇದು ಸೀಲಿನ ಚರ್ಮವೇ?
ಗೋಡೆಯ ಮೇಲಿನ ಹುಡುಗ ಯಾರು?
ಎನೋಕ್ ಮಾವ. ಹೆಪ್ಪು ತೆಳುವಾಗಿದ್ದ ಒಂದು ಏಪ್ರಿಲ್.
ಅಷ್ಟನ್ನು ನಾನು ಅನುವಾದಿಸುವುದಿಲ್ಲ.
ಮಗ, ಎನ್ನುತ್ತೇನೆ.
ಕೊನೆಗೆ ಎಲ್ಲರೂ ಕೇಳುವುದು ಒಂದೇ:
ಹಿಮ ಕಡಿಮೆಯಾಗಿದೆಯೇ?
ಆನಾ ಗಾಜು ಮುಟ್ಟಿ ಮುಟ್ಟಿ ತೋರಿಸುತ್ತಾಳೆ,
ನಾಲ್ಕು, ಮೂರು, ಎರಡು.
ತಿರುಗಿ ನೋಡಿದರೆ ಅವರಿಗೆ ಕಾಣುವುದು
ಅವರದೇ ಹಡಗು.

ಈ ಆಗಸ್ಟಿನಲ್ಲಿ ಕಪ್ತಾನ ಊರವರನ್ನು ಸೂಪಿಗೆ ಕರೆದ.
ಹನ್ನೊಂದನೇ ಅಂತಸ್ತು. ಲಿಫ್ಟಿನಲ್ಲಿ ಆನಾ
ನನ್ನ ತೋಳು ಬಿಡಲೇ ಇಲ್ಲ,
ದೋಣಿಯಲ್ಲಿ ಎಂದೂ ಏನನ್ನೂ ಹಿಡಿಯದವಳು.
ದೋಣಿಯಿಂದ ಅವಳು ಕಂಡದ್ದೆಲ್ಲ ಕತ್ತೆತ್ತಿ.
ಈಗ ಹಿಮನದಿ ಕಣ್ಣಿನ ಮಟ್ಟಕ್ಕೆ,
ಅದರ ಹಿಂದಿನ ಬೆಟ್ಟಗಳೂ,
ಬೆಟ್ಟಗಳ ಹಿಂದೆ ಮುಗಿಯದ ಬಿಳಿ ಬಯಲೂ ಸೇರಿ,
ಚೌಕಟ್ಟಿಲ್ಲದೆ.
ಬಹಳ ಹೊತ್ತು ನೋಡಿ ಅಂದಳು:
ಇಲ್ಲಿಂದ ಏನೂ ಕಡಿಮೆಯಾಗಿಲ್ಲ.

ಸಮಾಧಾನವೋ ದೂರೋ, ನನಗೆ ತಿಳಿಯಲಿಲ್ಲ.

ಆಗ ಬಿತ್ತು.
ಬಿದ್ದದ್ದು ಮೊದಲು ಕಂಡಿತು; ಸದ್ದು ಆಮೇಲೆ,
ನೀರಿನ ಮೇಲೆ ನಡೆದುಕೊಂಡು ಬಂತು.
ಕಟಕಟೆಗೆ ಒರಗಿದ್ದವರೆಲ್ಲ ಚಪ್ಪಾಳೆ ತಟ್ಟಿದರು.
ಒಬ್ಬ 'ಇನ್ನೊಮ್ಮೆ' ಎಂದು ಕೂಗಿದ.
ಆನಾ ತಲೆ ಓರೆ ಮಾಡಿದಳು,
ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದಾಗ
ಹಿಂದೆಯೇ ಯಾರಾದರೂ ಅತ್ತರೇ ಎಂದು
ಕಿವಿಗೊಡುವ ಹಾಗೆ.

ಆಮೇಲೆ ದಡದತ್ತ ಕೈ ಮಾಡಿ ಕೇಳಿದಳು:
ಆ ಹಳದಿ ಮನೆಯಲ್ಲಿ ಈಗ ಯಾರಿದ್ದಾರೆ?
ನಮ್ಮದೇ, ಅಂದೆ.
ನಂಬಲಿಲ್ಲ.
ಯಾರದ್ದಾದರೂ ಸರಿ, ದೋಣಿ ಮೇಲೆಳೆದಿದ್ದಾರೋ ನೋಡು,
ಅಲೆ ಹೊರಟಿದೆ, ಅಂದಳು.

ಸಂಜೆ ಹಡಗು ಹೋಯಿತು.
ಎರಡನೇ ಗಾಜಿಗೆ ಹಿಮನದಿ ಮರಳಿತು.
ನಾಲ್ಕನೆಯದರ ಮೇಲೆ ಯಾವುದೋ ಮಗುವಿನ ಅಂಗೈ,
ಕೇಕಿನ ಬೆಣ್ಣೆ ಮೆತ್ತಿದ್ದು,
ಓರೆ ಬೆಳಕಿಗೆ ಬೆಳ್ಳಗೆ.
ಒರೆಸಲು ಬಟ್ಟೆ ತಂದೆ.
ಮೂರು ಗಾಜು ಮುಗಿದಾಗ ಆನಾ ಸಾಕು ಅಂದಳು,
ಹೋಗು, ನಾಯಿಗಳಿಗೆ ಮೀನು ಹಾಕು.