ಧರ್ಮಾಂಬುಧಿಯಲ್ಲಿ ಒಂಬತ್ತು ಗಂಟೆ

ಹೊನ್ನಾವರದ ಬಸ್ಸು ಮೆಜೆಸ್ಟಿಕ್ಕಿನಲ್ಲಿ ಇಳಿಸಿದಾಗ
ಬೆಳಗಿನ ಐದೂಕಾಲು.
ವಿಮಾನ ನಿಲ್ದಾಣದ ಬಸ್ಸು ಎರಡೂಕಾಲಿಗೆ.
ನಡುವೆ ಒಂದು ಇಡೀ ಊರು
ನನ್ನ ಪಾಲಿಗೆ ಬಿದ್ದಿತ್ತು.

ಸಾಮಾನು ಕೋಣೆಯ ಮುನಿವೆಂಕಟಪ್ಪ
ಪೆಟ್ಟಿಗೆಯ ಮೇಲೆ ಸೀಮೆಸುಣ್ಣದಲ್ಲಿ ನಂಬರು ಬರೆದು ಕೇಳಿದ,
‘ಎಲ್ಲಿಗೆ?’
‘ಹಡಗಿಗೆ.’
‘ಹಡಗು ಹತ್ತೋರು ಮೆಜೆಸ್ಟಿಕ್ಕಿಗೆ ಯಾಕಪ್ಪ ಬಂದ್ರಿ?’
ನಕ್ಕ. ಆಮೇಲೆ ತಾನೇ ಯೋಚಿಸಿ,
‘ಸರಿಯಾಗೇ ಬಂದಿದೀರ ಬುಡಿ.
ಈ ಬಸ್‌ಸ್ಟ್ಯಾಂಡು ಕೆರೆ ಆಗಿತ್ತು,
ನಮ್ಮ ತಾತ ಇಲ್ಲೇ ಎಮ್ಮೆ ತೊಳೀತಿದ್ದ.
ಧರ್ಮಾಂಬುಧಿ ಅಂತ ಹೆಸರು.
ಅಂಬುಧಿ ಅಂದ್ರೆ ಸಮುದ್ರ ತಾನೆ?’

ಚಿಕ್ಕಪೇಟೆಯಲ್ಲಿ ಎರಡು ಜೊತೆ ಕಾಲುಚೀಲ ಕೊಂಡೆ.
ಬಳೇಪೇಟೆಯ ಸಂದಿಯಲ್ಲೊಬ್ಬ ಮುದುಕ
ವೀಣೆಗೆ ತಂತಿ ಬಿಗಿದು, ಕಿವಿಗೊಟ್ಟು, ಸಡಿಲಿಸಿ,
ಮತ್ತೆ ಬಿಗಿಯುತ್ತಿದ್ದ.
ನೋಡಿದೆ. ನಿಲ್ಲಲಿಲ್ಲ.
ಊರುಗಳು ಇನ್ನೂ ಬಹಳ ಬರಲಿವೆ
ಅಂದುಕೊಂಡಿದ್ದೆ.

ಬಂದವು.
ಬಾರ್ಸಿಲೋನಾ, ನೇಪಲ್ಸ್, ಇನ್ನೊಂದು, ಮತ್ತೊಂದು,
ಹೆಸರುಗಳು ಧ್ವನಿವರ್ಧಕದಲ್ಲಿ ಬಂದು ಹೋದವು.
ನಾವು ನೀರಿನ ಮಟ್ಟಕ್ಕಿಂತ ಎರಡಂತಸ್ತು ಕೆಳಗೆ
ಒಗೆಯುವ ಯಂತ್ರಗಳ ಜೊತೆ.
ಬಂದರು ಬಂತೆಂದು ತಿಳಿಯುತ್ತಿದ್ದದ್ದು ಬಟ್ಟೆಯಿಂದ:
ಜನ ಇಳಿದ ಹಗಲು ರಾಶಿ ಸಣ್ಣದು,
ಮರಳಿದ ಸಂಜೆ ಟವೆಲಿನ ತುಂಬ ಮರಳು.
ಅಪ್ಪನ ಬಲೆಗೆ ಬಂಗಡೆ ಬೀಳುತ್ತಿತ್ತು.
ಯಂತ್ರದ ಬಾಯಿಯ ನನ್ನ ಬಲೆಗೆ
ಗುಂಡಿ, ಒಂದು ಚಿಪ್ಪು,
ಯಾವುದೋ ಟ್ರಾಮಿನ ನೆನೆದ ಚೀಟಿ, ಆಲಿವ್ ಬೀಜ.
ಅಷ್ಟೇ, ನಾನು ಕಂಡ ನೇಪಲ್ಸು.

ರೊಡೆಲ್ ಎಂಬ ಮನಿಲಾದ ಹುಡುಗ
ಟವೆಲು ಮಡಚಿ ಹಂಸ ಮಾಡುವುದನ್ನು ಕಲಿಸಿದ.
ಅವು ಮೇಲೆ ಹೋಗಿ, ಮೆತ್ತನೆ ಹಾಸಿಗೆಯಲ್ಲಿ ಕೂತು,
ಫೋಟೋ ತೆಗೆಸಿಕೊಂಡು,
ಮರುದಿನ ಕತ್ತು ಬಿಚ್ಚಿಕೊಂಡು
ಒದ್ದೆಯಾಗಿ ನನ್ನ ಹತ್ತಿರವೇ ಬರುತ್ತಿದ್ದವು.

ಒಂಬತ್ತು ತಿಂಗಳ ಮೇಲೆ
ಮತ್ತೆ ಮೆಜೆಸ್ಟಿಕ್. ಮಧ್ಯಾಹ್ನ ಹನ್ನೆರಡು.
ಊರಿನ ಬಸ್ಸಿಗೆ ಒಂಬತ್ತು ಗಂಟೆ.
ಈ ಸಲ ನಾನೂ ಹಡಗಿನಿಂದ ಇಳಿದವರ ಹಾಗೆ
ಟೋಪಿ ಹಾಕಿ, ನೀರಿನ ಬಾಟಲಿ ಹಿಡಿದು,
ಕತ್ತೆತ್ತಿ ನಡೆದೆ.
ಕೊಳ್ಳದೆ ಬೆಲೆ ಕೇಳಿದೆ, ಬೈಸಿಕೊಂಡೆ.
ಬೀಗ ಮಾರುವವನ ಗಾಡಿಯಲ್ಲಿ
ಮನೆಯಿಲ್ಲದ ಇನ್ನೂರು ಕೀಲಿಕೈ.
ಹೂವಿನವಳು ಮೊಳ ಅಳೆಯುವಾಗ
ಮೊಣಕೈ ಒಂದಿಷ್ಟು ಒಳಗೆಳೆದುಕೊಂಡದ್ದನ್ನು ನೋಡಿದೆ,
ಅವಳೂ ನಾನು ನೋಡಿದ್ದನ್ನು ನೋಡಿ
ಒಂದು ಗೇಣು ಸೇರಿಸಿಕೊಟ್ಟಳು.
ಆ ಹೂವನ್ನು ಯಾರಿಗೆ ಕೊಡಲಿ?
ಜೇಬಿನಲ್ಲಿಟ್ಟುಕೊಂಡೆ.

ರೈಲು ನಿಲ್ದಾಣದ ಹಳದಿ ಹಲಗೆ.
ಊರಿನ ಹೆಸರು ದೊಡ್ಡದಾಗಿ,
ಕೆಳಗೆ ಚಿಕ್ಕದಾಗಿ, ಸಮುದ್ರ ಮಟ್ಟದಿಂದ
ಒಂಬೈನೂರಕ್ಕೆ ತುಸು ಕಡಿಮೆ ಮೀಟರು.
ಅದಕ್ಕೆ ನನ್ನ ಎರಡಂತಸ್ತು ಕೂಡಿಸಿದೆ.
ಇಷ್ಟು ಎತ್ತರಕ್ಕೆ ನಾನು ಎಂದೂ ಬಂದಿರಲಿಲ್ಲ.

ಬಳೇಪೇಟೆಯ ಮುದುಕ ಇರಲಿಲ್ಲ.
ವೀಣೆ ಇತ್ತು, ಮೇಲೊಂದು ಹಳೇ ಪಂಚೆ ಹೊದ್ದು.
ಮುಟ್ಟಲೇ ಎಂದು ಕೇಳಲು ಯಾರೂ ಇಲ್ಲದೆ
ಮುಟ್ಟದೆ ನಿಂತೆ,
ಬೆಳಗಿನ ಬಾಕಿ ಎಂಬಂತೆ, ಬಹಳ ಹೊತ್ತು.

ಮುನಿವೆಂಕಟಪ್ಪ ನನ್ನ ಗುರುತು ಹಿಡಿಯಲಿಲ್ಲ.
ನಂಬರು ಬರೆದ. ಕೇಳಿದ, ‘ಎಲ್ಲಿಂದ?’
ಅವನ ಹೆಗಲಿನ ಟವೆಲು ಇಸಿದುಕೊಂಡು
ಕಟ್ಟೆಯ ಮೇಲೆ ಎರಡು ಮಡಿಕೆ, ಒಂದು ತಿರುವು,
ಕತ್ತು ಎತ್ತಿ ಕೂರಿಸಿದೆ.
ಸಾಲಿನಲ್ಲಿದ್ದ ಮಗುವೊಂದು ಕೈ ತಟ್ಟಿತು.
ಅವನು ಹಂಸವನ್ನು ಸುತ್ತಲಿಂದ ನೋಡಿದ.
ಬೆವರುತ್ತಿದ್ದ.
‘ಚೆನ್ನಾಗೈತೆ ಕಣಪ್ಪ,
ಆದ್ರೆ ಮುಖ ಒರಸ್ಕೋಬೇಕಲ್ಲ’ ಅಂದು
ಬಾಲ ಹಿಡಿದು ಎಳೆದ.

ರಾತ್ರಿ ಒಂಬತ್ತು. ಒಬ್ಬ ಸೀಟಿ ಊದುತ್ತಾ,
ಬೆನ್ನಿಗೆ ಕೈ ತಟ್ಟುತ್ತಾ, ಬರಲಿ ಬರಲಿ ಅನ್ನುತ್ತಾ
ನಮ್ಮ ಬಸ್ಸನ್ನು ದಂಡೆಯಿಂದ ಬಿಡಿಸಿದ.
ಮನೆಯಲ್ಲಿ ಕೇಳುತ್ತಾರೆ,
ಯಾವ್ಯಾವ ಬಂದರು ನೋಡಿದೆ ಅಂತ.
ಬಳೇಪೇಟೆಯಿಂದ ಶುರು ಮಾಡುತ್ತೇನೆ.