ಪ್ರಶ್ನೆ ನಲವತ್ತೊಂದು

ವಾರಕ್ಕೆ ಎಷ್ಟು ಸಲ ಉಪ್ಪು ಹಾಕಿ ಒಣಗಿಸಿದ ಮೀನು ತಿನ್ನುತ್ತೀರಿ?
ಇಲ್ಲವೇ ಇಲ್ಲ. ಒಂದೆರಡು ಸಲ. ಮೂರಕ್ಕಿಂತ ಹೆಚ್ಚು.
ಪೆನ್ನಿನ ಟೊಪ್ಪಿ ತೆಗೆದು ಕಾದೆ.

ಬೈತಖೋಲದ ಚಂಪಾಬಾಯಿ ತಾಂಡೇಲ ತಲೆಯೆತ್ತಲಿಲ್ಲ.
ಹರಿದ ಬಲೆಯ ಕಣ್ಣೊಂದನ್ನು ಹೆಬ್ಬೆರಳಿಗೆ ಸಿಕ್ಕಿಸಿಕೊಂಡು
"ಯಾವ ವಾರ, ಬಾಯೀ?
ದೋಣಿ ನೀರಿಗಿಳಿದ ವಾರವೋ,
ಮಡ್ಲು ಹೊದ್ದು ಮಲಗಿದ ವಾರವೋ?"

ಕಾಗದದಲ್ಲಿ ಸಮುದ್ರ ಇರಲಿಲ್ಲ.
ಹನ್ನೊಂದು ಊರಿನ ಹನ್ನೊಂದು ಆಸ್ಪತ್ರೆಯವರು
ಒಂದೇ ಹೊತ್ತಿಗೆ ಪರದೆಯ ಮುಂದೆ ಕೂತು
ಜಗಳಾಡಿ ಒಪ್ಪಿಕೊಂಡ ಪ್ರಶ್ನೆ ಅದು.
ಅವರ ಕೆಮ್ಮು ನನಗೆ ಗೊತ್ತು, ಮುಖ ಗೊತ್ತಿಲ್ಲ.

ಅಳತೆಗೆಂದು ಕೊಟ್ಟ ಬಟ್ಟಲು ತೆಗೆದೆ,
ಹನ್ನೊಂದು ಊರಿಗೂ ಅದೇ, ಇನ್ನೂರು ಮಿಲಿ.
ಅವಳು ಒಳಗಿಂದ ತನ್ನದೊಂದು ತಂದಳು, ಅಂಚು ನೆಗ್ಗಿದ್ದು.
"ಸುನಂದಕ್ಕನದು. ಇದರ ತುಂಬ ಗಂಜಿ ಉಣ್ತಿದ್ದಳು.
ಗಂಟಲಲ್ಲಿ ಗಂಟು ಬಂದ ಮೇಲೆ ಅರ್ಧ.
ಮಣಿಪಾಲದಿಂದ ಬಂದ ಮೇಲೆ ಬರೇ ತೆಳಿ, ಕಾಲು.
ಆಮೇಲೆ ಬಟ್ಟಲು ಮಾತ್ರ.
ಇದನ್ನ ಎಷ್ಟಂತ ಬರೀತೀರಿ?"

ಗೊತ್ತಿಲ್ಲದ್ದಕ್ಕೆ ನಮ್ಮಲ್ಲೊಂದು ಅಂಕಿ ಇದೆ, ತೊಂಬತ್ತೊಂಬತ್ತು.
ಬರೆಯಲಿಲ್ಲ.
ಅಂಚಿನಲ್ಲಿ, ಏನೂ ಗೀಚಬಾರದೆಂದು ಕಲಿಸಿದ ಜಾಗದಲ್ಲಿ,
ಇರುವೆಯಕ್ಷರದಲ್ಲಿ ಬರೆದೆ:
ದೋಣಿ ಮಲಗಿದಾಗ ದಿನಾ. ಎದ್ದಾಗ ಇಲ್ಲ.

ಚೀಲದಲ್ಲಿ ಪೋಸ್ಟರೂ ಇತ್ತು. ಹೊಳೆಯುವ ಸೇಬು,
ಗಿಡ್ಡ ಮರದಂಥ ಹಸಿರು ಹೂವು, ಬಿಳಿಹಲ್ಲಿನ ಹೆಂಗಸು.
"ಈ ಹೂವು ಯಾವ ದೇವರಿಗೆ?"
ತಿನ್ನುವುದು ಎಂದೆ.
ಅವಳ ನಗೆಗೆ ಬಲೆಯ ಮೇಲೆ ಮಲಗಿದ್ದ ಬೆಕ್ಕು
ಎದ್ದು ಹೋಯಿತು.
ಹಿಂದೆ ಚಪ್ಪರದ ಮೇಲೆ ಬಸಳೆ
ಯಾರ ಚಿತ್ರಕ್ಕೂ ಕಾಯದೆ ಹಬ್ಬಿತ್ತು.

ವರ್ಷದ ಮೇಲೆ, ಸದಾಶಿವಗಡದ ಬಸ್ಸು ಕಾಳಿ ದಾಟುವಾಗ ಫೋನು.
ಆಚೆ ಸಮುದ್ರದವಳು, ಪೊನ್ನಿ, ನನ್ನಂತೆಯೇ ಫಾರಂ ಹೊರುವವಳು.
ಇಬ್ಬರದೂ ಮುರುಕು ಹಿಂದಿ.
ಅವಳೂ ಅಂಚಿನಲ್ಲಿ ಬರೆದಿದ್ದಳು.
ಅವರ ಮಳೆ ನಮ್ಮ ದೀಪಾವಳಿಗೆ ಸುರಿಯುತ್ತದಂತೆ,
ಆದರೆ ಮಲಗಿದ ದೋಣಿ ಎಲ್ಲಿದ್ದರೂ ಮಲಗಿದ ದೋಣಿ.
ನಾಲ್ಕನೆಯ ಕರಡಿನಲ್ಲಿ ನಲವತ್ತೊಂದು ಒಡೆದು ಎರಡಾಯಿತು.

ಹೇಳಲು ಓಡಿದೆ. ಚಂಪಾಬಾಯಿಗೆ ಸೋಜಿಗವೇನೂ ಆಗಲಿಲ್ಲ.
"ರಂಪಣಿ ಎಳೆಯುವಾಗ ಆ ತುದಿಯವ ಈ ತುದಿಯವನಿಗೆ ಕಾಣ್ತಾನಾ?
ಭಾರ ಗೊತ್ತಾಗ್ತದೆ, ಅಷ್ಟೇ.
ಹಗ್ಗ ಮುಟ್ಟಿದ ಪೋರನಿಗೂ ಒಂದು ಬೊಗಸೆ ಸಿಗ್ತದೆ.
ನನ್ನ ಪಾಲೆಲ್ಲಿ?"

ನನ್ನ ಕೈಯಲ್ಲಿದ್ದದ್ದು ಧನ್ಯವಾದದ ಕಾಗದ,
ಅವಳ ಹೆಸರಿರಲಿಲ್ಲ, ನಂಬರಿತ್ತು.
ಬಲೆ ಇನ್ನೂ ದಡಕ್ಕೆ ಬಂದಿಲ್ಲ ಎಂದೆ.
ಎಷ್ಟು ವರ್ಷವೋ ಎಂದೆ.

ಅವಳು ಖಾರೆ ಬಾಂಗಡೆಯನ್ನು ನೀರಿಗೆ ಹಾಕಿದಳು. ಚೆಲ್ಲಿದಳು. ಮತ್ತೆ ಹಾಕಿದಳು.
"ಮಾರ್ಕೆಟ್ಟಲ್ಲಿ ಕೊಂಡವರಿಗೆಲ್ಲ ಹೇಳ್ತಿದ್ದೇನೆ,
ಎರಡು ನೀರು ಚೆಲ್ಲಿ, ಬಸಳೆ ಹೆಚ್ಚು ಹಾಕಿ, ತುಂಡು ಒಂದೇ ಸಾಕು ಅಂತ.
ವ್ಯಾಪಾರ ಕಮ್ಮಿಯಾದ್ರೆ ನಿಮ್ಮ ಹನ್ನೊಂದು ಊರಿನವರು ಕೊಡ್ಲಿ."
ಮೂರನೆಯ ನೀರನ್ನು ಅಂಗಳಕ್ಕೆ ಎರಚಿದಳು,
ನನ್ನ ಚಪ್ಪಲಿಯ ಮೇಲೂ ಬಿತ್ತು.

ಬಸ್ಸಿನಲ್ಲಿ ಅದು ಒಣಗಿ ಬಿಳಿ ಗೆರೆ ಮೂಡಿತು.
ಅಂಕೋಲೆಯವರೆಗೂ ಅದನ್ನೇ ನೋಡುತ್ತಿದ್ದೆ,
ಇವತ್ತು ಯಾರದೋ ಊಟದಿಂದ
ಅಷ್ಟು ಉಪ್ಪು ಕಡಿಮೆ.